ಯುರೋಪಿಗೆ ಹೊರಡುವ ಮುನ್ನ ಹೊಸಹೊಳಲಿಗೆ ಹೋಗಿ ಬನ್ನಿ

ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ವಿದೇಶ ಪ್ರಯಾಣವೆಂದರೆ ಎರಡೇ ಅರ್ಥವಿತ್ತು. ಒಂದು ಹಜ್ಜ್ ಅಥವಾ ಉಮ್ರಾ, ಇನ್ನೊಂದು ಗಲ್ಫ್ ನೌಕರಿ. ಈಗ ಹಾಗಿಲ್ಲ. ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ, ಮಗಳು-ಅಳಿಯ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ ಎಂಬ ಮಾತು ಮಂಡ್ಯ ಜಿಲ್ಲೆಯ ಸಣ್ಣ ಪೇಟೆಗಳಲ್ಲೂ ಕೇಳಿ ಬರುತ್ತಿದೆ. ಯಾರೂ ಅಲ್ಲಿಲ್ಲದಿದ್ದರೂ ‘ಹನ್ನೆರಡು ದಿನದಲ್ಲಿ ಎಂಟು ದೇಶ’ ಎಂಬ ಜಾಹೀರಾತು ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ರಜೆ ಸಮೀಪಿಸುತ್ತಿದ್ದಂತೆ ಮಕ್ಕಳು ಕೇಳುತ್ತಾರೆ: “ಅಬ್ಬಾ, ನಾವೂ ಹೋಗೋಣವೇ?”

ಹೋಗಿ, ತಪ್ಪೇನಿಲ್ಲ. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಬದುಕನ್ನು ನೋಡಿ ಕಲಿಯುವುದು ಒಳ್ಳೆಯ ಕೆಲಸವೇ ಆಗಿದೆ. ಆದರೆ ಒಂದು ಸಾಧಾರಣ ಕುಟುಂಬಕ್ಕೆ ಯುರೋಪ್ ಪ್ರವಾಸವೆಂದರೆ ಹಲವು ವರ್ಷಗಳ ಉಳಿತಾಯ. ಮಗಳ ಓದಿಗೋ, ಮನೆಯ ಛಾವಣಿಗೋ ಇಟ್ಟ ಹಣದ ಒಂದು ಪಾಲು ಅದರಲ್ಲಿ ಸೇರಿರುತ್ತದೆ. ಯೋಜನೆಯಿಲ್ಲದೆ ಹೊರಟರೆ ಆ ಹಣ ಬಸ್ಸಿನ ಕಿಟಕಿಯಿಂದ ಕಂಡ ಕೆಲವು ಗೋಪುರಗಳಿಗೂ ಮನೆಮಂದಿಯ ಸಿಡುಕಿಗೂ ಖರ್ಚಾಗಿ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಯಾವ ದೇಶ ಸುಂದರ ಎಂಬ ವರ್ಣನೆಗಿಂತ ಹೇಗೆ ಯೋಜಿಸಬೇಕು ಎಂಬ ಮಾತಿಗೆ ಹೆಚ್ಚು ಜಾಗ ಕೊಡಲಾಗಿದೆ.

ಮೊದಲ ಸಲಹೆ ನಿಮಗೆ ವಿಚಿತ್ರವೆನಿಸಬಹುದು. ಯುರೋಪಿಗೆ ಟಿಕೆಟ್ ನೋಡುವ ಮುನ್ನ ಇಡೀ ಕುಟುಂಬದೊಂದಿಗೆ ಒಂದು ದಿನ ಹೊಸಹೊಳಲಿಗೆ ಹೋಗಿ ಬನ್ನಿ.

ಹೊಸಹೊಳಲು ಏಕೆ?

ಹೊಸಹೊಳಲು ಕೃಷ್ಣರಾಜಪೇಟೆಗೆ ಅಂಟಿಕೊಂಡಂತಿರುವ ಹಳ್ಳಿ. ಊರಿನ ಮನೆಗಳ ನಡುವೆ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ದೊರೆ ವೀರ ಸೋಮೇಶ್ವರನ ಕಾಲದಲ್ಲಿ, ಸುಮಾರು 1250ರಲ್ಲಿ ಇದನ್ನು ಕಟ್ಟಲಾಯಿತು ಎಂದು ಇತಿಹಾಸಕಾರರು ಹೇಳುತ್ತಾರೆ. ಮೂರು ಗರ್ಭಗುಡಿಗಳ ಕಟ್ಟಡವಾದರೂ ಶಿಖರವಿರುವುದು ನಡುವಿನದಕ್ಕೆ ಮಾತ್ರ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಹರಡಿದ ಎತ್ತರದ ಜಗಲಿಯ ಮೇಲೆ ಇಡೀ ಕಟ್ಟಡ ನಿಂತಿದೆ.

ಆ ಜಗಲಿಯ ಮೇಲೆ ನಡೆಯುತ್ತಾ ಹೊರಗೋಡೆಯ ಬುಡವನ್ನು ನೋಡಿ. ಒಂದರ ಮೇಲೊಂದು ಆರು ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ನಂತರ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ನಂತರ ಮಕರ, ಕೊನೆಗೆ ಹಂಸ. ಕೆತ್ತುವಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಶಿಲ್ಪಿಗಳು ಆಭರಣದ ಎಳೆಯನ್ನೂ ಬಿಡದೆ ಕೆತ್ತಿದ್ದಾರೆ. ಒಳಗಿನ ಕಂಬಗಳು ಚರಕಿಯಲ್ಲಿ ತಿರುಗಿಸಿ ಮಾಡಿದಂತೆ ನುಣುಪಾಗಿವೆ. ಇದು ನಮ್ಮ ನೆರೆಯವರ ಆರಾಧನಾ ಸ್ಥಳವಾದ್ದರಿಂದ ಅಲ್ಲಿನ ರೀತಿ ನೀತಿಗಳನ್ನು ಗೌರವಿಸಿ, ಮಕ್ಕಳಿಗೂ ಅದನ್ನು ತಿಳಿಸಿ ಕರೆದೊಯ್ಯಬೇಕು. ಯುರೋಪಿನಲ್ಲಿ ಚರ್ಚುಗಳ ಒಳಗೆ ಕಾಲಿಡುವಾಗ ಇದೇ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಇನ್ನು ಯುರೋಪಿನ ಲೆಕ್ಕಕ್ಕೆ ಬನ್ನಿ. ಸ್ಪೇನಿನ ಗ್ರನಾಡಾದಲ್ಲಿ ಅಲ್‌ಹಂಬ್ರಾ ಅರಮನೆಯ ಕೆಲಸ ಆರಂಭವಾದುದು 1238ರಲ್ಲಿ. ಪ್ಯಾರಿಸಿನ ಸೇಂಟ್ ಶಪೆಲ್ ಎಂಬ ಬಣ್ಣದ ಗಾಜಿನ ಪ್ರಾರ್ಥನಾ ಮಂದಿರ ಉದ್ಘಾಟನೆಯಾದುದು 1248ರಲ್ಲಿ. ಅಂದರೆ ಹೊಸಹೊಳಲಿನ ಶಿಲ್ಪಿ ಉಳಿ ಹಿಡಿದಿದ್ದ ಕಾಲದಲ್ಲೇ ಅಲ್ಲಿಯೂ ಕುಶಲಕರ್ಮಿಗಳು ಕೆಲಸದಲ್ಲಿದ್ದರು. ಇಲ್ಲಿನ ಗೋಡೆಯನ್ನು ಸಾವಧಾನವಾಗಿ ನೋಡಿದ ಮಗುವಿಗೆ ಅಲ್ಲಿನ ಗೋಡೆ ಅಪರಿಚಿತವಾಗಿರುವುದಿಲ್ಲ. ಅವರು ಗಾರೆಯಲ್ಲಿ ಮಾಡಿದ್ದನ್ನು ಇವರು ಕಲ್ಲಿನಲ್ಲಿ ಹೇಗೆ ಮಾಡಿದರು ಎಂದು ಅದು ತಾನಾಗಿಯೇ ಹೋಲಿಸತೊಡಗುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಸಹೊಳಲು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಇಲ್ಲಿನ ಕೆತ್ತನೆ ಕಡಿಮೆಯದೆಂದು ನೋಡಿದವರಾರೂ ಹೇಳಲಾರರು. ಯುರೋಪಿನಲ್ಲೂ ಪಟ್ಟಿಯಲ್ಲಿ ಮೊದಲಿರುವ ಊರುಗಳಲ್ಲಿ ನೂಕುನುಗ್ಗಲು. ಅವುಗಳ ಪಕ್ಕದ ಊರುಗಳಲ್ಲಿ ನೆಮ್ಮದಿ ಹೆಚ್ಚು, ಖರ್ಚು ಕಡಿಮೆ.

ಒಂದು ದಿನದ ಪರೀಕ್ಷೆ

ಆ ದಿನ ಬೆಳಿಗ್ಗೆ ಹೊಸಹೊಳಲು ನೋಡಿ, ಮಧ್ಯಾಹ್ನ ಪಾಂಡವಪುರದ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಇಳಿಯಿರಿ. ಅಲ್ಲಿ ದರಿಯಾ ದೌಲತ್ ಮತ್ತು ಗುಂಬಝ್ ಎರಡನ್ನೇ ನೋಡಿ. ನಡುವೆ ಕಿಕ್ಕೇರಿ, ಮೇಲುಕೋಟೆ, ತೊಣ್ಣೂರು ಕೆರೆ, ನಾಗಮಂಗಲ, ರಂಗನತಿಟ್ಟು ಎಲ್ಲವೂ ಕೈಬೀಸಿ ಕರೆಯುತ್ತವೆ. ಹೋಗಬೇಡಿ. ಬಿಡುವುದನ್ನು ಕಲಿಯುವುದೂ ಈ ಪರೀಕ್ಷೆಯ ಭಾಗವಾಗಿದೆ.

ಕೈಯಲ್ಲೊಂದು ಸಣ್ಣ ಪುಸ್ತಕವಿರಲಿ. ಅದರಲ್ಲಿ ಬರೆದುಕೊಳ್ಳಿ: ಮನೆಯಿಂದ ಹೊರಡಬೇಕೆಂದು ನಿಶ್ಚಯಿಸಿದ ಸಮಯವೆಷ್ಟು, ಹೊರಟದ್ದು ಎಷ್ಟು ಗಂಟೆಗೆ? ಅಜ್ಜಿ ಎಷ್ಟು ದೂರ ನಡೆದ ಮೇಲೆ ಕುಳಿತರು? ಮಗು ಹಸಿವೆಂದು ಹೇಳಿದ್ದು ಯಾವಾಗ? ಶೌಚಾಲಯ ಹುಡುಕಬೇಕಾಗಿ ಬಂದದ್ದು ಎಷ್ಟು ಸಲ? ಕೆತ್ತನೆಯ ಮುಂದೆ ಯಾರು ಅರ್ಧ ಗಂಟೆ ನಿಂತರು, ಯಾರು ಎರಡು ಫೋಟೋ ತೆಗೆದು ಹೊರಗೆ ಬಂದರು? ಸಂಜೆ ಐದರ ಹೊತ್ತಿಗೆ ಯಾರ ಮುಖ ಬಾಡಿತ್ತು?

ಈ ಉತ್ತರಗಳೇ ನಿಮ್ಮ ಯುರೋಪ್ ಪ್ರವಾಸದ ಅಳತೆಗೋಲು. ಬಟ್ಟೆ ಹೊಲಿಸುವಾಗ ದರ್ಜಿ ಮೊದಲು ಮೈಯಳತೆ ತೆಗೆಯುತ್ತಾನೆ, ಆಮೇಲೆ ಬಟ್ಟೆಗೆ ಕತ್ತರಿ ಹಾಕುತ್ತಾನೆ. ಪ್ರವಾಸ ಕಂಪೆನಿಯ ಪ್ಯಾಕೇಜು ಯಾರದೋ ಅಳತೆಗೆ ಹೊಲಿದ ಸಿದ್ಧ ಉಡುಪು. ಒಂದೇ ದಿನದಲ್ಲಿ ಎರಡು ಸ್ಥಳ ನೋಡಿ ಬಸವಳಿದ ಕುಟುಂಬ, ಯುರೋಪಿನಲ್ಲಿ ಒಂದೇ ದಿನ ಎರಡು ದೇಶ ನೋಡಬಲ್ಲದೆಂದು ನಂಬುವುದು ಹೇಗೆ? ಅಲ್ಲಿ ಮನೆ ಬಾಗಿಲಿಗೆ ಆಟೋ ಬರುವುದಿಲ್ಲ. ಮೆಟ್ರೋ ನಿಲ್ದಾಣಗಳ ಮೆಟ್ಟಿಲು ಹತ್ತಿ ಇಳಿಯಬೇಕು. ಹಳೆಯ ಊರುಗಳ ಕಲ್ಲು ಹಾಸಿನ ಬೀದಿಯಲ್ಲಿ ನೀವೇ ಪೆಟ್ಟಿಗೆ ಎಳೆಯಬೇಕು.

ಶ್ರೀರಂಗಪಟ್ಟಣದಿಂದ ಯುರೋಪಿಗೆ

ಶ್ರೀರಂಗಪಟ್ಟಣವನ್ನು ಈ ಪರೀಕ್ಷೆಗೆ ಆರಿಸಿದ್ದಕ್ಕೆ ಬೇರೊಂದು ಕಾರಣವೂ ಇದೆ. ನಮ್ಮ ಜಿಲ್ಲೆಗೂ ಯುರೋಪಿಗೂ ಇರುವ ಸಂಬಂಧ ಹಳೆಯದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದಲೇ ಇಂದಿನ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹಳ ಕಾಲ ಉಳಿದಿತ್ತು.

1787ರಲ್ಲಿ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಈ ಮೂವರು ಆ ವರ್ಷದ ಜುಲೈಯಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ 1788ರ ಜೂನಿನಲ್ಲಿ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಳಿದರು. ಸುಮಾರು ಹನ್ನೊಂದು ತಿಂಗಳ ಪ್ರಯಾಣ! 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಪ್ಯಾರಿಸಿನ ಖ್ಯಾತ ಚಿತ್ರಗಾರ್ತಿ ಎಲಿಝಬೆತ್ ವಿಜೀ ಲೆಬ್ರನ್ ದರ್ವೇಶ್ ಖಾನರ ಆಳೆತ್ತರದ ಚಿತ್ರವನ್ನೂ ಬರೆದಳು. ಅವರು ಕೇಳಿದ ಸೈನಿಕ ನೆರವು ಮಾತ್ರ ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು, ಹತ್ತು ವರ್ಷ ಕಳೆಯುವುದರೊಳಗೆ, 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿದ್ದಿತು.

ಈ ಕಥೆಯನ್ನು ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ನಿಂತು ಮಕ್ಕಳಿಗೆ ಹೇಳಿ. ನಂತರ ಅವರು ವರ್ಸೇಲ್ಸ್‌ಗೆ ಹೋದರೆ ಅದು ಕೇವಲ ಕನ್ನಡಿ ಹಾಕಿದ ಅರಮನೆಯಾಗಿ ಕಾಣುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ, ಸೈನಿಕನ ಮೇಲೆ ಎರಗಿದ ಮರದ ಹುಲಿ ಶ್ರೀರಂಗಪಟ್ಟಣದಿಂದ ಹೋದದ್ದೆಂದು ತಿಳಿದಿದ್ದರೆ ಅದರ ಮುಂದೆ ಮಗು ಬೇರೆಯೇ ರೀತಿಯಲ್ಲಿ ನಿಲ್ಲುತ್ತದೆ. ಆ ಮ್ಯೂಸಿಯಮ್ಮಿಗೆ ಸಾಮಾನ್ಯ ಪ್ರವೇಶ ಉಚಿತ. ‘ಏನನ್ನು ನೋಡಲು ಹೋಗುತ್ತಿದ್ದೇವೆ?’ ಎಂಬ ಪ್ರಶ್ನೆಗೆ ಮನೆಯಲ್ಲೇ ಉತ್ತರ ಸಿದ್ಧವಾಗಿದ್ದರೆ ಅರ್ಧ ಯೋಜನೆ ಮುಗಿದಂತೆಯೇ.

ಎಷ್ಟು ದೇಶ, ಎಷ್ಟು ದಿನ?

ಹತ್ತು ದಿನಕ್ಕೆ ಎರಡು ಅಥವಾ ಮೂರು ಊರು ಸಾಕು. ಊರು ಬದಲಿಸುವ ಪ್ರತಿಯೊಂದು ದಿನವೂ ಪೆಟ್ಟಿಗೆ ಕಟ್ಟುವುದು, ಕೋಣೆ ಬಿಡುವುದು, ರೈಲು ಹುಡುಕುವುದರಲ್ಲಿ ಅರ್ಧ ಹಾಳಾಗುತ್ತದೆ. ಎರಡು ಮಾದರಿಗಳನ್ನು ನೋಡಿ.

ಒಂದು: ಪ್ಯಾರಿಸಿನಲ್ಲೇ ಐದಾರು ರಾತ್ರಿ. ಒಂದು ದಿನ ಲೂವ್ರ್ ಮ್ಯೂಸಿಯಂ, ಒಂದು ದಿನ ವರ್ಸೇಲ್ಸ್, ಒಂದು ದಿನ ಸೇಂಟ್ ಶಪೆಲ್ ಹಾಗೂ ಸೀನ್ ನದಿಯ ದಂಡೆ, ಒಂದು ದಿನ 1926ರಲ್ಲಿ ಉದ್ಘಾಟನೆಯಾದ ಪ್ಯಾರಿಸಿನ ದೊಡ್ಡ ಮಸೀದಿ ಮತ್ತು ಅದರ ಪಕ್ಕದ ಸಸ್ಯೋದ್ಯಾನ. ಲೂವ್ರ್‌ಗೆ ಮಂಗಳವಾರ ರಜೆ, ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ. ಇದನ್ನು ನೋಡದೆ ದಿನ ಗೊತ್ತುಮಾಡಿದರೆ ಮುಚ್ಚಿದ ಬಾಗಿಲು ನೋಡಿ ಬರಬೇಕಾದೀತು.

ಎರಡು: ಸ್ಪೇನ್. ಮ್ಯಾಡ್ರಿಡ್, ಕೊರ್ಡೋವಾ, ಗ್ರನಾಡಾ. ಮ್ಯಾಡ್ರಿಡ್‌ನಿಂದ ಕೊರ್ಡೋವಾಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಕೊರ್ಡೋವಾದ ಮಸೀದಿಯ ನಿರ್ಮಾಣ ಆರಂಭವಾದುದು 785ರಲ್ಲಿ. 1236ರಿಂದ ಅದು ಕ್ಯಾಥೆಡ್ರಲ್ ಆಗಿದೆ. ಕಂಬಗಳ ಆ ಕಾಡನ್ನು ಎಲ್ಲರೂ ಟಿಕೆಟ್ ಪಡೆದು ನೋಡಬಹುದು, ಆದರೆ ಅಲ್ಲಿ ನಮಾಝ್ ಮಾಡಲು ಅನುಮತಿಯಿಲ್ಲ. ಇದನ್ನು ಹಿರಿಯರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು. ಗ್ರನಾಡಾದಲ್ಲಿ ಮಾತ್ರ ಅಲ್‌ಹಂಬ್ರಾಕ್ಕೆ ಎದುರಾದ ಗುಡ್ಡದ ಮೇಲೆ 2003ರಲ್ಲಿ ತೆರೆದ ಹೊಸ ಮಸೀದಿಯಿದೆ. ಅಲ್‌ಹಂಬ್ರಾದ ಟಿಕೆಟನ್ನು ಹಲವು ವಾರಗಳ ಮುಂಚೆಯೇ ಅಧಿಕೃತ ವೆಬ್‌ಸೈಟಿನಲ್ಲಿ ಪಡೆಯಬೇಕು. ಟಿಕೆಟ್ ಪಾಸ್‌ಪೋರ್ಟಿನ ಹೆಸರಿಗೇ ಇರುತ್ತದೆ. ನಸ್ರಿ ಅರಮನೆಗಳ ಒಳಗೆ ಹೋಗಲು ಅದರಲ್ಲಿ ಬರೆದ ಹೊತ್ತಿಗೇ ಬಾಗಿಲಲ್ಲಿರಬೇಕು.

ಲಂಡನ್ ಸೇರಿಸುವ ಆಸೆಯಿದ್ದರೆ ಒಂದು ವಿಷಯ ನೆನಪಿರಲಿ. ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು, ಅದರ ಶುಲ್ಕವೂ ಬೇರೆ. ಮೊದಲ ಪ್ರವಾಸಕ್ಕೆ ಎರಡು ವೀಸಾಗಳ ಹೊರೆ ಬೇಡ. ಅಲ್ಲಿ ಮಗಳೋ ತಮ್ಮನೋ ಇದ್ದರೆ ಲಂಡನ್ನನ್ನೇ ಪ್ರತ್ಯೇಕ ಪ್ರವಾಸವಾಗಿಸಿ.

ಕಾಗದಪತ್ರ: ಆರು ತಿಂಗಳ ಮುಂಚೆಯೇ

ಮೊದಲು ಪಾಸ್‌ಪೋರ್ಟ್. ನಮ್ಮ ಕಡೆಯವರಿಗೆ ಇದು ಈಗ ಸುಲಭವಾಗಿದೆ. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ದೇಶದಲ್ಲಿ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. 2017ರ ಜನವರಿಯಲ್ಲಿ ಅದು ತೆರೆಯಿತು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷ ಮಾತ್ರ. ದೊಡ್ಡವರದು ಸರಿಯಾಗಿದ್ದು ಮಗುವಿನದು ಮುಗಿದಿರುವುದು ಸಾಮಾನ್ಯ ಸಂಗತಿ. ಯುರೋಪಿನಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟಿಗೆ ಕನಿಷ್ಠ ಮೂರು ತಿಂಗಳ ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು, ಅದು ಕಳೆದ ಹತ್ತು ವರ್ಷಗಳೊಳಗೆ ನೀಡಲ್ಪಟ್ಟಿರಬೇಕು.

ನಂತರ ಹೆಸರು. ನಮ್ಮ ಮನೆಗಳಲ್ಲಿ ಹೆಚ್ಚಿನ ತೊಡಕು ಇಲ್ಲಿಯೇ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಆಧಾರಿನಲ್ಲಿ ‘ಬಾನು’ ಇದೆ, ಪಾಸ್‌ಪೋರ್ಟಿನಲ್ಲಿ ‘ಬೇಗಂ’ ಇದೆ, ಬ್ಯಾಂಕ್ ಪುಸ್ತಕದಲ್ಲಿ ಎರಡೂ ಇಲ್ಲ! ಎಲ್ಲ ದಾಖಲೆಗಳನ್ನು ಒಂದು ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರವಾಗಿ ಹೋಲಿಸಿ. ತಿದ್ದುಪಡಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಮಗು ತಾಯಿಯೊಂದಿಗೆ ಮಾತ್ರ ಪ್ರಯಾಣಿಸುವುದಾದರೆ ಗಲ್ಫ್‌ನಲ್ಲಿರುವ ತಂದೆಯ ಲಿಖಿತ ಒಪ್ಪಿಗೆಯೂ ಬೇಕಾಗುತ್ತದೆ.

ಇನ್ನು ವೀಸಾ. ಯುರೋಪಿನ 29 ದೇಶಗಳಿಗೆ ಸೇರಿ ಒಂದೇ ವೀಸಾ ಇದೆ. ಅದನ್ನು ಶೆಂಗನ್ ವೀಸಾ ಎನ್ನುತ್ತಾರೆ. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಅಲ್ಲಿ ಉಳಿಯುವಂತಿಲ್ಲ. ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಕಡೇಪಕ್ಷ ಹದಿನೈದು ದಿನ ಮುಂಚೆ ಸಲ್ಲಿಸಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ ನಲವತ್ತೈದು ದಿನ ಹಿಡಿಯಬಹುದು. ಬೇಸಿಗೆ ರಜೆಗೆ ಮುನ್ನ ಬೆಂಗಳೂರಿನ ವೀಸಾ ಕೇಂದ್ರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳ ಮುಂಚೆ ಅರ್ಜಿ ಹಾಕುವುದು ಕ್ಷೇಮ.

2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45 ಯೂರೋ, ಆರರೊಳಗಿನವರಿಗೆ ಇಲ್ಲ. ಅಂದರೆ ಗಂಡ, ಹೆಂಡತಿ, ಅತ್ತೆ, ಎಂಟು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗನಿರುವ ಕುಟುಂಬಕ್ಕೆ ಒಟ್ಟು 315 ಯೂರೋ, ಜೊತೆಗೆ ವೀಸಾ ಕೇಂದ್ರದ ಸೇವಾ ಶುಲ್ಕ. ವೀಸಾ ನಿರಾಕರಿಸಿದರೂ ಈ ಹಣ ಹಿಂದಿರುಗದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ವಿಮೆಯಲ್ಲಿ ಅತ್ತೆಯವರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಸೇರಿದೆಯೇ ಎಂದು ಓದಿ ನೋಡಬೇಕು. ಅಲ್ಲಿ ಒಂದು ದಿನ ಆಸ್ಪತ್ರೆಯಲ್ಲಿ ಮಲಗಿದರೂ ಬರುವ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಬಹುದು.

ಅಧಿಕಾರಿಗಳು ನೋಡುವುದು ಮುಖ್ಯವಾಗಿ ಎರಡು ವಿಷಯ: ಖರ್ಚಿಗೆ ನಿಮ್ಮಲ್ಲಿ ಹಣವಿದೆಯೇ, ಮರಳಿ ಊರಿಗೆ ಬರುತ್ತೀರಾ? ಸಂಬಳದವರಿಗೆ ರಜೆ ಪತ್ರ, ಸಂಬಳ ಚೀಟಿ ಇರುತ್ತದೆ. ವ್ಯಾಪಾರಿಗಳು ಜಿಎಸ್‌ಟಿ ಮತ್ತು ಆದಾಯ ತೆರಿಗೆ ದಾಖಲೆ ಕೊಡಬಹುದು. ಕೃಷಿಕರು ಪಹಣಿಯೊಂದಿಗೆ ಕಬ್ಬಿನ ಕಾರ್ಖಾನೆಯಿಂದ ಬಂದ ಹಣದ ರಶೀದಿ, ಬ್ಯಾಂಕ್ ಲೆಕ್ಕಪತ್ರವನ್ನು ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಲಿ. ಅರ್ಜಿಯ ಹಿಂದಿನ ವಾರ ಯಾರದೋ ಹಣ ತಂದು ಖಾತೆ ತುಂಬಿಸುವ ಉಪಾಯ ಸುಲಭವಾಗಿ ಸಿಕ್ಕಿ ಬೀಳುತ್ತದೆ. “ವೀಸಾ ಗ್ಯಾರಂಟಿ” ಎನ್ನುವ ಏಜೆಂಟರಿಂದ ದೂರವಿರಿ. ವೀಸಾ ಕೊಡುವುದು ಆಯಾ ದೇಶದ ರಾಯಭಾರ ಕಚೇರಿ ಮಾತ್ರ. ವೀಸಾ ಕೈಗೆ ಬರುವ ತನಕ ಹಣ ಹಿಂದಿರುಗದ ಟಿಕೆಟನ್ನಾಗಲಿ ಹೋಟೆಲನ್ನಾಗಲಿ ಕೊಳ್ಳಲೇಬೇಡಿ. ಕುಟುಂಬಗಳು ದೊಡ್ಡ ಮೊತ್ತ ಕಳೆದುಕೊಳ್ಳುವುದು ಇಲ್ಲಿಯೇ.

ಹಣದ ಮಾತು

2025ರ ಕೊನೆಯ ಹೊತ್ತಿಗೆ ಒಂದು ಯೂರೋದ ಬೆಲೆ ನೂರು ರೂಪಾಯಿ ದಾಟಿತ್ತು. ಖರ್ಚನ್ನು ಐದು ಭಾಗವಾಗಿ ಬರೆಯಿರಿ: ವಿಮಾನ, ವೀಸಾ ಮತ್ತು ವಿಮೆ, ವಸತಿ, ಅಲ್ಲಿನ ಓಡಾಟ ಮತ್ತು ಪ್ರವೇಶ ಟಿಕೆಟ್, ಊಟ. ಒಟ್ಟಿಗೆ ಹತ್ತರಲ್ಲಿ ಒಂದು ಪಾಲು ಆಪತ್ತಿಗೆಂದು ಸೇರಿಸಿ. ಆ ಮೊತ್ತ ಕೈಯಲ್ಲಿಲ್ಲದಿದ್ದರೆ ಪ್ರವಾಸವನ್ನು ಒಂದು ವರ್ಷ ಮುಂದೂಡಿ. ಕಂತಿನಲ್ಲಿ ಪ್ರವಾಸ ಮಾಡಿ ಬಂದು, ಫೋಟೋಗಳ ಬಣ್ಣ ಮಾಸಿದ ಮೇಲೂ ಬಡ್ಡಿ ಕಟ್ಟುತ್ತಾ ಕೂರುವುದು ಮನೆಗೆ ಒಳಿತಲ್ಲ. ಪ್ಯಾಕೇಜ್ ಕೊಳ್ಳುವಾಗ ಕಂಪೆನಿಯವರು ಟಿಸಿಎಸ್ ಎಂಬ ತೆರಿಗೆಯನ್ನು ಸೇರಿಸಿ ವಸೂಲು ಮಾಡುತ್ತಾರೆ. ಅದರ ರಶೀದಿ ಜೋಪಾನವಾಗಿಡಿ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ವಿಮಾನ ದರ, ಕೋಣೆ ಬಾಡಿಗೆ ಎರಡೂ ಜುಲೈ-ಆಗಸ್ಟ್‌ನಲ್ಲಿ ಏರುತ್ತವೆ. ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಒಂದು ರೀತಿಯಲ್ಲಿ ಅದೃಷ್ಟವೇ. ಆಗ ಅಲ್ಲಿ ಹೂ ಬಿಡುವ ಕಾಲ, ಚಳಿಯೂ ಹದವಾಗಿರುತ್ತದೆ. ಹೋಟೆಲಿನ ಎರಡು ಕೋಣೆಗಳಿಗಿಂತ ಅಡುಗೆಮನೆಯಿರುವ ಒಂದು ಸಣ್ಣ ಮನೆ ಬಾಡಿಗೆಗೆ ಪಡೆಯುವುದು ನಮ್ಮಂಥ ಕುಟುಂಬಗಳಿಗೆ ಲಾಭದಾಯಕ. ಕಾರ್ಡಿನಲ್ಲಿ ಹಣ ಕೊಡುವಾಗ ಯಂತ್ರವು ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಎನ್ನಿ. ರೂಪಾಯಿ ಒತ್ತಿದರೆ ಹೆಚ್ಚು ಕಡಿತವಾಗುತ್ತದೆ.

ನಮಾಝ್, ಊಟ, ಉಡುಪು

ಜೂನ್ ಕೊನೆಯಲ್ಲಿ ಪ್ಯಾರಿಸಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಸಮೀಪಿಸಿರುತ್ತದೆ. ಡಿಸೆಂಬರಿನಲ್ಲಾದರೆ ಸಂಜೆ ಐದಕ್ಕೆ ಮೊದಲೇ ಕತ್ತಲು. ಆದ್ದರಿಂದ ಯಾವ ತಿಂಗಳಲ್ಲಿ ಹೋಗುತ್ತೀರೋ ಆ ತಿಂಗಳ ನಮಾಝ್ ವೇಳೆಯನ್ನು ಸ್ಥಳೀಯ ಮಸೀದಿಯ ವೇಳಾಪಟ್ಟಿ ನೋಡಿ ದಿನಚರಿಗೆ ಸೇರಿಸಿ. ಯಾತ್ರಿಕರಿಗೆ ಶರೀಅತ್ ಕೊಟ್ಟ ರಿಯಾಯಿತಿಗಳನ್ನು ಹೊರಡುವ ಮುನ್ನ ಬಲ್ಲವರಿಂದ ಕೇಳಿ ತಿಳಿದುಕೊಳ್ಳಿ. ಇಲ್ಲಿ ಪಶ್ಚಿಮಕ್ಕೆ ಮುಖಮಾಡಿ ರೂಢಿಯಾದ ನಮಗೆ ಅಲ್ಲಿ ಕಿಬ್ಲಾ ಆಗ್ನೇಯ ದಿಕ್ಕಿಗೆ ಬರುತ್ತದೆ. ಹೆಚ್ಚಿನ ಶೌಚಾಲಯಗಳಲ್ಲಿ ನೀರಿನ ವ್ಯವಸ್ಥೆಯಿಲ್ಲ, ಹಲವೆಡೆ ಹಣವನ್ನೂ ಕೊಡಬೇಕು. ಒಂದು ಪುಟ್ಟ ಬಾಟಲಿ, ಕೆಲವು ನಾಣ್ಯ ಸದಾ ಕೈಚೀಲದಲ್ಲಿರಲಿ.

ವಿಮಾನದಲ್ಲಿ ‘ಮುಸ್ಲಿಂ ಮೀಲ್’ ಬೇಕೆಂದು ಟಿಕೆಟ್ ಪಡೆಯುವಾಗಲೇ ತಿಳಿಸಬೇಕು. ಯುರೋಪಿನ ದೊಡ್ಡ ಊರುಗಳಲ್ಲಿ ತುರ್ಕಿ, ಮೊರಾಕೊ, ಪಾಕಿಸ್ತಾನ ಮೂಲದವರ ಅಂಗಡಿಗಳು ಧಾರಾಳವಾಗಿವೆ. ಆದರೆ ಕಬಾಬ್ ಎಂದು ಬರೆದ ಮಾತ್ರಕ್ಕೆ ಹಲಾಲ್ ಎಂದು ಭಾವಿಸಬೇಡಿ, ಕೇಳಿ. ಮಕ್ಕಳ ಮಿಠಾಯಿಯಲ್ಲಿ ಜೆಲಟಿನ್ ಇರುವುದುಂಟು, ಕೆಲವು ಸಾರುಗಳಿಗೆ ವೈನ್ ಬೆರೆಸುವುದುಂಟು. ಊರಿನಿಂದ ಮಾಂಸದ ಉಪ್ಪಿನಕಾಯಿ, ತುಪ್ಪ, ಹಾಲಿನ ಪೇಡೆ ಒಯ್ಯಬೇಡಿ. ಹೊರದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಅವಲಕ್ಕಿ, ಚಟ್ನಿಪುಡಿ, ಖರ್ಜೂರ ಇರಲಿ. ನಲ್ಲಿ ನೀರು ಬಹುತೇಕ ಎಲ್ಲೆಡೆ ಕುಡಿಯಲು ಯೋಗ್ಯ. ದುಬಾರಿ ಬಾಟಲಿ ಕೊಳ್ಳಬೇಕಾಗಿಲ್ಲ.

ಉಡುಪಿನ ವಿಷಯದಲ್ಲಿ ಸಹೋದರಿಯರು ಅಲ್ಲಿನ ಕಾನೂನನ್ನು ತಿಳಿದಿರಬೇಕು. ತಲೆವಸ್ತ್ರ ಧರಿಸಿ ಬೀದಿಯಲ್ಲಿ, ರೈಲಿನಲ್ಲಿ, ಮ್ಯೂಸಿಯಮ್ಮಿನಲ್ಲಿ ಓಡಾಡಲು ಪ್ರವಾಸಿಗಳಿಗೆ ಅಡ್ಡಿಯಿಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚುವುದನ್ನು ಫ್ರಾನ್ಸ್ 2011ರಿಂದ ನಿಷೇಧಿಸಿದೆ. ಬೆಲ್ಜಿಯಂ, ಆಸ್ಟ್ರಿಯಾ, ಡೆನ್ಮಾರ್ಕ್‌ಗಳಲ್ಲೂ ಇಂಥ ಕಾನೂನಿದೆ. ಸ್ವಿಟ್ಸರ್‌ಲ್ಯಾಂಡಿನಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ದಂಡ ಕಟ್ಟಬೇಕಾಗುತ್ತದೆ. ನಿಖಾಬ್ ಧರಿಸುವವರು ಯಾವ ದೇಶಕ್ಕೆ ಹೋಗುವುದೆಂದು ಗೊತ್ತುಮಾಡುವಾಗಲೇ ಇದನ್ನು ಮನೆಯಲ್ಲಿ ಮಾತನಾಡಿ ನಿರ್ಧರಿಸಬೇಕು. ವೀಸಾದ ಫೋಟೋದಲ್ಲಿ ತಲೆವಸ್ತ್ರ ಇರಬಹುದು, ಹಣೆಯಿಂದ ಗಲ್ಲದವರೆಗೆ ಮುಖ ಸ್ಪಷ್ಟವಾಗಿರಬೇಕು.

ಇಳಿದ ಮೇಲೆ

2025ರ ಅಕ್ಟೋಬರ್ 12ರಿಂದ ಶೆಂಗನ್ ದೇಶಗಳ ಗಡಿಯಲ್ಲಿ ಹೊಸ ಗಣಕೀಕೃತ ವ್ಯವಸ್ಥೆ ಆರಂಭವಾಗಿದೆ. ಪಾಸ್‌ಪೋರ್ಟಿಗೆ ಮೊಹರು ಒತ್ತುವ ಬದಲು ಮುಖದ ಚಿತ್ರ, ಬೆರಳಚ್ಚಿನ ಮೂಲಕ ಬಂದ-ಹೋದ ದಿನವನ್ನು ದಾಖಲಿಸುತ್ತಾರೆ. ಒಂದು ದಿನ ಹೆಚ್ಚು ಉಳಿದರೂ ಗೊತ್ತಾಗುತ್ತದೆ. ಸಾಲು ಉದ್ದವಿರುವುದರಿಂದ ಮುಂದಿನ ರೈಲಿಗೋ ವಿಮಾನಕ್ಕೋ ನಡುವೆ ಮೂರು ಗಂಟೆಯಾದರೂ ಬಿಡುವಿಡಿ. ನಿಯಮ ಪಾಲಿಸಿ ಮರಳಿದವರಿಗೆ ಲಾಭವೂ ಇದೆ. 2024ರ ಏಪ್ರಿಲಿನಿಂದ ಭಾರತೀಯರಿಗೆ, ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಸರಿಯಾಗಿ ಬಳಸಿದ್ದರೆ, ಎರಡು ವರ್ಷಗಳ ವೀಸಾ ಸಿಗಲು ಅವಕಾಶವಿದೆ.

ಮೊದಲ ದಿನ ಏನನ್ನೂ ನೋಡಲು ಹೋಗಬೇಡಿ. ಬೇಸಿಗೆಯಲ್ಲಿ ಪ್ಯಾರಿಸಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಮೈ ಹೊಂದಿಕೊಳ್ಳಲಿ. ಇಟಲಿಯ ಪ್ರಾಂತೀಯ ರೈಲುಗಳ ಕಾಗದದ ಟಿಕೆಟಿಗೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕದೆ ಹತ್ತಿದರೆ ದಂಡ ಬೀಳುತ್ತದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು-ಬ್ರೆಡ್ ತಂದಿಡಿ. ಪ್ರವಾಸಿಗಳು ಸೇರುವಲ್ಲಿ ಜೇಬುಗಳ್ಳರಿರುತ್ತಾರೆ. ಪಾಸ್‌ಪೋರ್ಟಿನ ಎರಡು ನಕಲುಗಳು ಬೇರೆ ಬೇರೆ ಚೀಲದಲ್ಲಿರಲಿ. ತುರ್ತು ಕರೆಯ ಸಂಖ್ಯೆ ಯುರೋಪಿನಲ್ಲೂ 112, ನಮ್ಮಲ್ಲಿರುವಂತೆಯೇ. ಇದನ್ನು ಅಜ್ಜಿಗೂ ಕಲಿಸಿ.

ಪ್ರತಿ ಎರಡು ದಿನ ಸುತ್ತಿದ ಮೇಲೆ ಅರ್ಧ ದಿನ ಸುಮ್ಮನೆ ಉದ್ಯಾನದಲ್ಲಿ ಕುಳಿತುಕೊಳ್ಳಲು ಇಡಿ. ಆ ಹೊತ್ತಿನಲ್ಲಿ ನಿಮ್ಮ ಹೊಸಹೊಳಲಿನ ಪುಸ್ತಕ ತೆರೆಯಿರಿ. ಅಜ್ಜಿ ಇಷ್ಟು ದೂರ ನಡೆದು ಕುಳಿತರು ಎಂದು ಅಲ್ಲಿ ಬರೆದಿರುತ್ತೀರಿ. ನಾಳೆಯ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಒಂದು ಸ್ಥಳವನ್ನು ಹೊಡೆದು ಹಾಕಿ. ನೋಡದೆ ಬಂದ ಗೋಪುರಕ್ಕಾಗಿ ಮುಂದೆ ಯಾರೂ ಕೊರಗುವುದಿಲ್ಲ. ಆದರೆ ‘ನನ್ನಿಂದಾಗಿ ಮಕ್ಕಳಿಗೆ ತಡವಾಯಿತು’ ಎಂದು ಹಿರಿಯರೊಬ್ಬರು ಪರದೇಶದ ಬೀದಿಯಲ್ಲಿ ಮನಸ್ಸಿನಲ್ಲೇ ನೊಂದುಕೊಂಡರೆ ಅಷ್ಟು ಹಣ ಸುರಿದು ಮಾಡಿದ ಪ್ರವಾಸದಿಂದ ಏನು ಪ್ರಯೋಜನ? ಅವರೂ ನಗುತ್ತಾ ಮರಳಿ ಬರುವಷ್ಟನ್ನೇ ಯೋಜಿಸಿ.